ಬಾಗಿಲಾದ ಸಾಹೇಬರು

ಆ ಕಟ್ಟಡದಲ್ಲಿ ಅವಳಿಗೆ ಹೆಸರಿರಲಿಲ್ಲ. ಆರನೇ ಮಹಡಿಯ ಕಕ್ಕಸು ತೊಳೆಯುತ್ತಿದ್ದಳು, ಅದಕ್ಕೇ ಅವಳು 'ಆರು'. ಎಂಟು ಮಹಡಿ, ಎಂಟು ಹೆಂಗಸರು. "ಆರು, ಇಲ್ಲಿ ಬಾ." "ಮೂರು, ಕನ್ನಡಿ ಮೇಲೆ ಕಲೆ ಇದೆ ನೋಡು." ಲಿಫ್ಟಿನ ಗುಂಡಿ ಒತ್ತಿದ ಹಾಗೆ ಕರೆಯುತ್ತಿದ್ದರು. ಎರಡನೇ ಮಹಡಿಯಾಕೆಗೆ ಅರವತ್ತರ ಹತ್ತಿರ ವಯಸ್ಸು. ಉಳಿದ ಏಳು ಜನ ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದರು. ಮೇಲಿನವರಿಗೆ ಅವಳೂ ಬರೀ 'ಎರಡು'.

ಕಂಪನಿ ಮಾರುತ್ತಿದ್ದದ್ದು ಕಮೋಡು, ನಲ್ಲಿ, ಬೇಸಿನ್ನು. ಹಾಗಾಗಿ ಅಲ್ಲಿನ ಕಕ್ಕಸುಗಳು ಬರೀ ಕಕ್ಕಸುಗಳಲ್ಲ, ಅಂಗಡಿಯ ಗಾಜಿನ ಕಪಾಟಿದ್ದಂತೆ. ಗಿರಾಕಿ ಬಂದರೆ ಕುರ್ಚಿ ಹಾಕಿ ಕೂರಿಸುವ ಮೊದಲೇ ಅವನ್ನು ತೋರಿಸುತ್ತಿದ್ದರು. ಆ ಹೊಳಪಿಗಾಗಿ ಎಂಟೂ ಹೆಂಗಸರು ಬೆಳಗಿನ ಐದೂವರೆಗೆ ಬಂದು ಮಂಡಿಯೂರಬೇಕು. ಕಮೋಡಿನ ಒಳಅಂಚಿಗೆ ಕೈ ಹಾಕಿ ಉಜ್ಜಬೇಕು. ಆಸಿಡ್ಡಿನ ಘಾಟಿಗೆ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಗ್ಲೌಸು ತಿಂಗಳಿಗೆ ಒಂದೇ ಜೊತೆ, ಅದೂ ಹತ್ತು ದಿನಕ್ಕೆ ಬೆರಳ ತುದಿಯಲ್ಲಿ ತೂತು. ಆರನೆಯವಳ ಬಲಗೈಯ ಮೂರು ಬೆರಳಿಗೆ ಉಗುರೇ ಸರಿಯಾಗಿ ಬೆಳೆಯುತ್ತಿರಲಿಲ್ಲ.

ತೊಳೆದದ್ದನ್ನು ಬಳಸುವ ಹಾಗಿಲ್ಲ. "ನೀವು ಹೋಗಿ ಕೂತ್ರೆ ಗಿರಾಕಿಗೆ ಏನಂತ ತೋರ್ಸೋದು?" ಅಂದಿದ್ದ ಸೂಪರ್‌ವೈಸರ್. ಇವರದ್ದು ನೆಲಮಾಳಿಗೆಯಲ್ಲಿ, ಜನರೇಟರಿನ ಹಿಂದೆ. ಡ್ರೈವರುಗಳು ಬೀಡಿ ಸೇದಲು ಬಂದು ನಿಲ್ಲುವ ಜಾಗ ಅದರ ಎದುರಿಗೇ. ಅದರ ಬಾಗಿಲು ಕಿತ್ತುಬಿದ್ದು ಮೂರು ವರ್ಷವಾಗಿತ್ತು. ಮೂರು ಸಲ ಹೇಳಿದರು. ಮೂರು ಸಲವೂ "ನೋಡೋಣ" ಎಂಬ ಉತ್ತರ ಬಂತು. ಕಮೋಡನ್ನೂ ನಲ್ಲಿಯನ್ನೂ ಮಾರುವ ಊರಿಗೇ ದೊಡ್ಡ ಕಂಪನಿ, ಒಂದು ಹಲಗೆಗೆ ವರ್ಷಗಟ್ಟಲೆ ನೋಡುತ್ತಲೇ ಇತ್ತು.

ಕೊನೆಗೆ ಹೆಂಗಸರೇ ಗುಜರಿ ಕೋಣೆಯಿಂದ ಹಳೆಯ ಫ್ಲೆಕ್ಸೊಂದನ್ನು ಎಳೆದು ತಂದು ಮೊಳೆ ಹೊಡೆದು ನೇತುಹಾಕಿದರು. ಅದರ ತುಂಬ ದೊಡ್ಡ ಸಾಹೇಬರ ಮುಖ, ಹಲ್ಲು ತೋರಿಸುವ ನಗು. ಕೆಳಗೆ ದಪ್ಪ ಅಕ್ಷರದಲ್ಲಿ "ನಿಮ್ಮ ಮರ್ಯಾದೆ, ನಮ್ಮ ಹೊಣೆ" ಎಂದಿತ್ತು. ಅಂದಿನಿಂದ ಸಾಹೇಬರೇ ಬಾಗಿಲು. ಜನರೇಟರ್ ಶುರುವಾದರೆ ಗಾಳಿಗೆ ಸಾಹೇಬರು ಪಟಪಟನೆ ಹಾರುತ್ತಿದ್ದರು, ಒಳಗೆ ಕೂತವಳು ಒಂದು ಕೈಯಲ್ಲಿ ಅವರ ಗದ್ದ ಹಿಡಿದುಕೊಂಡೇ ಕೂರಬೇಕು. ಅದಕ್ಕೇ ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಆರನೆಯವಳಿಗೆ ಉರಿಮೂತ್ರ ಅಂಟಿಕೊಂಡು ಎರಡು ವರ್ಷವಾಗಿತ್ತು. "ಚೆನ್ನಾಗಿ ನೀರು ಕುಡಿಯಮ್ಮ" ಅಂದಿದ್ದರು ಡಾಕ್ಟರು. ಕುಡಿದ ನೀರು ಎಲ್ಲಿಗೆ ಹೋಗಬೇಕು ಎಂದು ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಇನ್ನು ಆ ಗ್ರೂಪು. ಫೋನಿನಲ್ಲಿ ಅದರ ಹೆಸರು "ಹೊಳಪಿನ ಬಳಗ". ಎಂಟು ಹೆಂಗಸರು, ಸೂಪರ್‌ವೈಸರ್, ಪ್ರಚಾರದ ಮೇಡಂ, ದೊಡ್ಡ ಸಾಹೇಬರು ಮತ್ತು ಇನ್ನಿಬ್ಬರು ಆಫೀಸರುಗಳು ಅದರಲ್ಲಿದ್ದರು. ತೊಳೆಯುವ ಮುಂಚೆ ಒಂದು ಫೋಟೋ, ತೊಳೆದ ಮೇಲೆ ಒಂದು ಫೋಟೋ. ತೊಳೆದ ಮೇಲಿನದರಲ್ಲಿ ಪಕ್ಕಕ್ಕೆ ಹೆಬ್ಬೆರಳು ಎತ್ತಿದ ಕೈ ಕಾಣಬೇಕು. ಮೊದಮೊದಲು ಹುಮ್ಮಸ್ಸಿನಿಂದ ಮುಖವನ್ನೂ ಸೇರಿಸಿ ತೆಗೆದು ಕಳಿಸಿದ್ದರು. "ಮುಖ ಬೇಡ, ಕೈ ಸಾಕು" ಎಂದು ಬರೆದು ಹಾಕಿದ್ದ ಸೂಪರ್‌ವೈಸರ್. ಆ ಮಾತು ಆರನೆಯವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಹೋಗಿತ್ತು.

ಎಂಟು ಹೆಂಗಸರು ಎಂಟು ಫೋಟೋ ಹಾಕಿದರೆ ಎಂಟಕ್ಕೂ ಅವನದ್ದೊಂದು ಹೆಬ್ಬೆರಳಿನ ಚಿತ್ರ, ಒಂದು "ಸೂಪರ್". ಅವನಿಗೆ ಹೆಂಗಸರು ಇಟ್ಟ ಹೆಸರು ಹೆಬ್ಬೆಟ್ಟು. ಓದು ಬಾರದವರನ್ನು ಹೆಬ್ಬೆಟ್ಟು ಅಂತ ಆಡಿಕೊಳ್ಳುವುದುಂಟಲ್ಲ, ಇವನು ಎರಡೆರಡು ಡಿಗ್ರಿ ಮುಗಿಸಿ ಆ ಬಿರುದು ಸಂಪಾದಿಸಿದವನು.

ಆ ಗ್ರೂಪು ಬರೀ ಗ್ರೂಪಲ್ಲ, ಅದೇ ಹಾಜರಿ, ಅದೇ ನೌಕರಿ. ಕೆಲಸದಿಂದ ತೆಗೆಯಲು ಕಾಗದ ಕೊಡುತ್ತಿರಲಿಲ್ಲ, ಕರೆದು ಒಂದು ಮಾತೂ ಹೇಳುತ್ತಿರಲಿಲ್ಲ. ಫೋನ್ ತೆಗೆದು ನೋಡಿದರೆ ಗ್ರೂಪಿನಿಂದ ತೆಗೆದುಹಾಕಿರುತ್ತಿದ್ದರು. ಏಳನೇ ಮಹಡಿಯಲ್ಲಿ ಮೊದಲಿದ್ದವಳಿಗೆ ಅದು ತಿಳಿದದ್ದು ಹೆರಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ, ಕೂಸಿನ ಫೋಟೋ ಹಾಕಲು ಹೋದಾಗ.

ಒಂದು ಬೆಳಿಗ್ಗೆ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಸಕ್ಕರೆ ಕಾಯಿಲೆಯ ದೇಹ. ನೆಲಮಾಳಿಗೆಯ ತನಕ ಮೆಟ್ಟಿಲಿಳಿದು ಹೋಗುವಷ್ಟು ವ್ಯವಧಾನವಿರಲಿಲ್ಲ. ತಾನೇ ತೊಳೆದ ಎರಡನೇ ಮಹಡಿಯ ಕಕ್ಕಸಿಗೆ ಹೋಗಿ ಬಂದಳು. ಹೊರಬರುವಾಗ ಎದುರಿಗೆ ಹೆಬ್ಬೆಟ್ಟು ಫೋನ್ ಹಿಡಿದು ನಿಂತಿದ್ದ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ಮುದುಕಿಯ ಫೋಟೋ ಅರೆಗಳಿಗೆಯಲ್ಲಿ ಗ್ರೂಪಿನಲ್ಲಿತ್ತು. ಆವತ್ತು ಮಾತ್ರ ಮುಖ ಬೇಕಾಗಿತ್ತು. ಕೆಳಗೆ, "'ಎರಡು' ನಿಯಮ ಮುರಿದಿದ್ದಾರೆ. ಎಲ್ಲರೂ ನೋಡಿ ಒಪ್ಪಿಗೆ ಒತ್ತಿ" ಎಂದಿತ್ತು. ಒಬ್ಬ ಆಫೀಸರು ನಗುವ ಮುಖದ ಚಿತ್ರ ಹಾಕಿದ. ದೊಡ್ಡಮ್ಮನಿಂದ ಕ್ಷಮೆ ಕೇಳಿಸಿ, ಆ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅದನ್ನೂ ಹಾಕಿದರು. "ತಪ್ಪಾಯ್ತು ಸಾರ್, ಇನ್ನೊಂದು ಸಲ ಹೀಗೆ ಮಾಡಲ್ಲ." ನಲವತ್ತು ವರ್ಷ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸಿನ ದನಿ ಅದು.

ಒಪ್ಪಿಗೆಯ ಹೆಬ್ಬೆರಳು ಒಂದೊಂದಾಗಿ ಬಿದ್ದವು. ಮೂರು, ಐದು, ಎಂಟು. ಆರನೆಯವಳೂ ಒತ್ತಿದಳು. ಮನೆಯಲ್ಲಿ ಬೆನ್ನುಮೂಳೆ ಜಾರಿ ಮಲಗಿದ ಗಂಡ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಒತ್ತದೇ ಇರುವುದು ಹೇಗೆ? ಒತ್ತಿದ ಮೇಲೆ ಆ ಬೆರಳನ್ನು ಆಸಿಡ್ಡಿನಲ್ಲಿ ಅದ್ದಿಬಿಡೋಣ ಅನ್ನಿಸಿತು. ಒಂಬತ್ತು ದಿನ ದೊಡ್ಡಮ್ಮ ಯಾರೊಂದಿಗೂ ನಗಲಿಲ್ಲ.

ಹತ್ತನೇ ದಿನ ಗ್ಯಾಸ್ಕೆಟ್ಟಿನ ಪ್ರಕರಣ ನಡೆಯಿತು. ಹಿಂದಿನ ಸಂಜೆ ಆರನೆಯವಳ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿತ್ತು. ಅಂಗಡಿಯಲ್ಲಿ ಅಳತೆ ತೋರಿಸಲೆಂದು ಆ ಬಿಳಿ ರಬ್ಬರಿನ ಬಳೆಯನ್ನು ನೆಲದ ಮೇಲಿಟ್ಟು ಫೋಟೋ ತೆಗೆದಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ಅವಸರದಲ್ಲಿ ಕಮೋಡಿನ ಫೋಟೋ ಬದಲು ಅದನ್ನೇ ಗ್ರೂಪಿಗೆ ಹಾಕಿಬಿಟ್ಟಳು. ತಪ್ಪು ಗೊತ್ತಾಗುವಷ್ಟರಲ್ಲಿ ಹೆಬ್ಬೆಟ್ಟುವಿನ ಹೆಬ್ಬೆರಳು ಬಿದ್ದಾಗಿತ್ತು. "ಸೂಪರ್." ಅದರ ಹಿಂದೆಯೇ ದೊಡ್ಡ ಸಾಹೇಬರದ್ದು, "ಹೀಗೇ ಮುಂದುವರಿಯಲಿ."

ಮಧ್ಯಾಹ್ನ ಐದನೆಯವಳು ಓಡುತ್ತ ಬಂದಳು. "ಅಕ್ಕಾ, ನಿನ್ನ ಗ್ಯಾಸ್ಕೆಟ್ ಊರೆಲ್ಲ ಸುತ್ತುತಾ ಇದೆ ನೋಡಿಲ್ಲಿ." ಕಂಪನಿಗೊಂದು ಸಾರ್ವಜನಿಕ ಪುಟವಿತ್ತು, ಲಕ್ಷಾಂತರ ಜನ ನೋಡುವಂಥದ್ದು. ಅದರಲ್ಲಿ ದಿನವೂ "ಇಂದಿನ ಹೊಳಪು" ಎಂದು ಒಂದು ಫೋಟೋ ಬರುತ್ತಿತ್ತು. ಆವತ್ತಿನ ಹೊಳಪು ಕುಕ್ಕರಿನ ಗ್ಯಾಸ್ಕೆಟ್. ಇನ್ನೂರು ಜನ ಮೆಚ್ಚಿದ್ದರು. ಒಬ್ಬಾತ ಕೆಳಗೆ, "ಈ ಸೀಟು ಬೇರೆ ಬಣ್ಣದಲ್ಲಿ ಸಿಗುತ್ತಾ?" ಎಂದು ಕೇಳಿದ್ದ.

ದೊಡ್ಡಮ್ಮ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಅದರ ಮೇಲೆ ಕೂತ್ರೆ ಸೀಟಿ ಹೊಡಿಯುತ್ತೆ ಅಂತ ಹೇಳೇ ಆ ಪುಣ್ಯಾತ್ಮನಿಗೆ" ಅಂದಳು. ಎಂಟು ಜನ ಬಕೆಟ್ಟುಗಳ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಾಗಾದರೆ ಇವರು ನೋಡುವುದೇ ಇಲ್ಲ ಎಂದಾಯಿತು. ದಿನವೂ ನಡು ಬಗ್ಗಿಸಿ, ಬೆಳಕು ಸರಿಯಾಗಿ ಬೀಳುವಂತೆ ನಿಂತು, ಎರಡೆರಡು ಸಲ ತೆಗೆದ ಫೋಟೋಗಳನ್ನು ಯಾರೂ ಕಣ್ಣೆತ್ತಿ ನೋಡಿಲ್ಲ. ಖಾತ್ರಿ ಮಾಡಿಕೊಳ್ಳಲು ಮರುದಿನ ನಾಲ್ಕನೆಯವಳು ವಾಚ್‌ಮನ್ನನ ಬೋಳು ತಲೆಯ ಹಿಂಭಾಗವನ್ನು ಹಾಕಿದಳು. ಹೆಬ್ಬೆರಳು, ಸೂಪರ್. ಅದರ ಮರುದಿನ ಮೂರನೆಯವಳು ದೊಡ್ಡಮ್ಮನ ಒಡೆದ ಹಿಮ್ಮಡಿಯ ಫೋಟೋ ಹಾಕಿದಳು, ಬಿರುಕಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದಕ್ಕೂ ಹೆಬ್ಬೆರಳು, ಅದಕ್ಕೂ ಸೂಪರ್. ಈ ಸಲ ಯಾರಿಗೂ ನಗು ಬರಲಿಲ್ಲ.

ಮಿಕ್ಕ ಗುಟ್ಟನ್ನು ಬಿಟ್ಟುಕೊಟ್ಟವಳು ಪ್ರಚಾರದ ಮೇಡಂ. ಆರನೇ ಮಹಡಿಯ ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು. ಕಾಲ ಬುಡದಲ್ಲಿ ನೆಲ ಒರೆಸುತ್ತಿದ್ದವಳು ಆಕೆಯ ಪಾಲಿಗೆ ಮಾಪಿನ ಕೋಲು.

"ಅಯ್ಯೋ, ನಾನ್ಯಾಕೆ ದಿನಾ ಕಮೋಡ್ ನೋಡ್ತಾ ಕೂರ್ಲಿ? ಎಲ್ಲ ಸೆಟ್ ಮಾಡಿಟ್ಟಿದೀನಿ ಕಣೆ. ಒಂಬತ್ತೂವರೆ ಆದ್ಮೇಲೆ ಗ್ರೂಪಲ್ಲಿ ಮೊದಲು ಬಿದ್ದ ಫೋಟೋ ತಾನಾಗೇ ಪೇಜಿಗೆ ಹೋಗುತ್ತೆ. ಸೋಮವಾರ ಡೀಲರ್‌ಗಳ ಸಭೆ ಇದೆಯಲ್ಲ, ಅವತ್ತೂ ಅಷ್ಟೇ, ನೇರವಾಗಿ ಪರದೆ ಮೇಲೆ ಬರುತ್ತೆ."

ಮಾಪಿನ ಕೋಲು ಒಂದು ಕ್ಷಣ ನಿಂತು ಮತ್ತೆ ಒರೆಸತೊಡಗಿತು.

ಭಾನುವಾರ ಕಚೇರಿಗೆ ರಜೆ, ತೊಳೆಯುವವರಿಗಲ್ಲ. ಮಧ್ಯಾಹ್ನ ನೆಲಮಾಳಿಗೆಯಲ್ಲಿ ಬುತ್ತಿ ಬಿಚ್ಚಿದಾಗ ಆರನೆಯವಳು ವಿಷಯ ಹೇಳಿದಳು. ನಾಳೆ ನೀವೆಲ್ಲ ಎರಡು ನಿಮಿಷ ತಡ ಮಾಡಿ, ಮೊದಲನೇದು ನನ್ನದಿರಲಿ, ಅಷ್ಟು ಸಾಕು ಅಂದಳು.

"ಯಾವುದು ಹಾಕ್ತೀಯ?" ಎಂದು ಕೇಳಿದಳು ದೊಡ್ಡಮ್ಮ.

ಅವಳು ಗಾಳಿಗೆ ಅಲ್ಲಾಡುತ್ತಿದ್ದ ಸಾಹೇಬರ ಕಡೆ ಗದ್ದ ಎತ್ತಿ ತೋರಿಸಿದಳು.

ದೊಡ್ಡಮ್ಮ ತುತ್ತನ್ನು ಕೆಳಗಿಟ್ಟಳು. "ಕೆಲಸ ಹೋಗುತ್ತೆ ಕಣೆ."

"ಹೋಗುತ್ತೆ."

"ನಿನ್ನ ಗಂಡ ಮಗ್ಗುಲು ಬದಲಾಯಿಸೋಕೂ ನೀನು ಬೇಕು. ಮಕ್ಕಳ ಬಾಯಿಗೆ ಏನು ಹಾಕ್ತೀಯ?"

"ಬೇರೆ ಕಡೆ ನೆಲ ಇಲ್ವಾ ದೊಡ್ಡಮ್ಮ ಒರೆಸೋಕೆ? ಆದ್ರೆ ಆವತ್ತು ನಿನ್ನ ಫೋಟೋಗೆ ನಾನೂ ಹೆಬ್ಬೆರಳು ಒತ್ತಿದೆ. ಅದು ನನಗೆ ನಿದ್ದೆ ಮಾಡೋಕೆ ಬಿಡ್ತಿಲ್ಲ."

"ಎಲ್ಲರೂ ಒತ್ತಿದ್ರು. ನಾನೇ ಆಗಿದ್ರೂ ಒತ್ತಿರ್ತಿದ್ದೆ."

"ಎಲ್ಲರದ್ದು ಎಲ್ಲರಿಗೆ. ನನ್ನ ಬೆರಳು ನನ್ನದು."

ದೊಡ್ಡಮ್ಮ ತನ್ನ ಡಬ್ಬಿಯಿಂದ ಒಂದು ತುತ್ತು ತೆಗೆದು ಅವಳ ಡಬ್ಬಿಗೆ ಹಾಕಿದಳು.

ಸೋಮವಾರ ಕೆಳಗಿನ ಸಭಾಂಗಣ ತುಂಬಿತ್ತು. ಊರೂರಿನ ಡೀಲರುಗಳು, ಗೋಡೆಯಗಲದ ಪರದೆ. ಯಾರೋ ನೀರು ಚೆಲ್ಲಿದರೆಂದು ಅವಳನ್ನು ಮಾಪು ಸಮೇತ ಹಿಂದಿನ ಗೋಡೆಗೆ ನಿಲ್ಲಿಸಿದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರು ಮಾತಾಡುತ್ತಿದ್ದರು. "ನಾವು ಮಾರೋದು ಕಮೋಡ್ ಅಲ್ಲ, ಮರ್ಯಾದೆ. ನಮ್ಮ ಹೊಳಪು ಬರೀ ಜಾಹೀರಾತಲ್ಲಿಲ್ಲ, ನಮ್ಮ ಮನೇಲೇ ಇದೆ. ಈಗ, ಈ ಕ್ಷಣ, ನಮ್ಮ ಕಚೇರಿಯ ಇವತ್ತಿನ ಹೊಳಪನ್ನ ನೀವೇ ನೋಡಿ."

ಒಂಬತ್ತು ಮೂವತ್ತೊಂದು. ಅವಳ ಫೋಟೋ ಬೆಳಿಗ್ಗೆಯೇ ತಯಾರಿತ್ತು. ನಿಯಮ ಒಂದನ್ನೂ ಮುರಿದಿರಲಿಲ್ಲ. ಹೆಬ್ಬೆರಳು ಎತ್ತಿದ ಕೈ, ತೂತು ಬಿದ್ದ ಗ್ಲೌಸು, ಮುಖವಿಲ್ಲ. ಮಾಪಿನ ಕೋಲನ್ನು ಹೆಗಲಿಗೆ ಒರಗಿಸಿಕೊಂಡು ಒತ್ತಿದಳು.

ಪರದೆಯ ಮೇಲೆ ಸಾಹೇಬರು ಬಂದರು. ವೇದಿಕೆಯ ಸಾಹೇಬರಿಗಿಂತ ನಾಲ್ಕು ಪಟ್ಟು ದೊಡ್ಡವರು. ಮೊಳೆಗೆ ಸಿಕ್ಕಿ ಹಣೆ ಹರಿದಿತ್ತು, ಎರಡು ಮುಂದಿನ ಹಲ್ಲುಗಳ ನಡುವೆ ಒಂದು ಬಿರುಕು. ಗದ್ದದ ಕೆಳಗೆ ಗೇಣಗಲ ತೆರೆದ ಜಾಗ, ಅಲ್ಲಿಂದ ಸೀಳು ಬಿಟ್ಟ ಕಮೋಡಿನ ಬುಡ, ಹಸಿ ನೆಲ, ತುಕ್ಕು ಹಿಡಿದ ಡಬ್ಬ ಕಾಣುತ್ತಿದ್ದವು. ಪಕ್ಕದಲ್ಲಿ ಡ್ರೈವರೊಬ್ಬನ ಬೂಟು. ಮೇಲೆ, ಮೇಡಂ ಸೆಟ್ ಮಾಡಿಟ್ಟ ಸಾಲು, "ಇಂದಿನ ಹೊಳಪು! ನಮ್ಮ ಕಚೇರಿಯ ಹೆಮ್ಮೆ." ಕೆಳಗೆ, "ನಿಮ್ಮ ಮರ್ಯಾದೆ, ನಮ್ಮ ಹೊಣೆ."

ಮೊದಲ ಸಾಲಿನಲ್ಲಿ ಕೂತಿದ್ದ ಸೂಪರ್‌ವೈಸರನ ತಲೆ ಫೋನಿನ ಮೇಲೆ ಬಗ್ಗಿತ್ತು. ಗ್ರೂಪಿನಲ್ಲಿ ಹೆಬ್ಬೆರಳು ಬಿತ್ತು. ಸೂಪರ್.

ವೇದಿಕೆಯ ಸಾಹೇಬರಿಗೆ ಬೆನ್ನ ಹಿಂದಿನದು ಕಾಣುತ್ತಿರಲಿಲ್ಲ. "ಹೇಗಿದೆ?" ಎಂದರು ನಗುತ್ತ. ಮೂರನೇ ಸಾಲಿನಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಎದ್ದು ನಿಂತಳು. "ಇದು ಯಾವ ಮಹಡಿ ಸಾರ್? ಇದಕ್ಕೆ ಬಾಗಿಲು ಎಲ್ಲಿ?"

ಸಾಹೇಬರು ತಿರುಗಿ ನೋಡಿದರು. ಇಬ್ಬರು ಸಾಹೇಬರೂ ಎದುರುಬದುರು ನಿಂತರು. ಒಬ್ಬರು ಮಾತ್ರ ನಗುತ್ತಿದ್ದರು.

ಅರ್ಧ ಗಂಟೆಯಲ್ಲಿ ಫೋಟೋ ಅಳಿಸಿದರು. ಅಷ್ಟರಲ್ಲಿ ಅದು ಸಾವಿರ ಫೋನುಗಳಿಗೆ ಹಾರಿಯಾಗಿತ್ತು. ಕಂಪನಿಯ ಪುಟದಲ್ಲಿ ನಲ್ಲಿಯ ಚಿತ್ರದ ಕೆಳಗೆ, ಬೇಸಿನ್ನಿನ ಚಿತ್ರದ ಕೆಳಗೆ, ಎಲ್ಲೆಲ್ಲೂ ಜನ ಒಂದೇ ಮಾತು ಬರೆಯತೊಡಗಿದರು. "ಬಾಗಿಲು ಎಲ್ಲಿ?" ಮೇಡಂ ಅಳಿಸುತ್ತಿದ್ದಳು, ಅವರು ಬರೆಯುತ್ತಿದ್ದರು.

ಹತ್ತೂವರೆಗೆ, ಎಂಟೂ ಜನ ಕೆಳಗೆ ಜನರೇಟರಿನ ಹತ್ತಿರ ಸೇರಿದ್ದಾಗ, ಅವಳ ಫೋನು ಗುಂಯ್ ಅಂದಿತು. ಗ್ರೂಪಿನಿಂದ ತೆಗೆದುಹಾಕಿದ್ದರು. ಹೆಬ್ಬೆಟ್ಟು ನೆಲಮಾಳಿಗೆಗೆ ಬಂದು, ಮುಖ ನೋಡದೆ ಹೇಳಿದ. "ಆರು, ಸಾಮಾನು ಒಪ್ಪಿಸಿ ಹೊರಡು. ನಾಳೆಯಿಂದ ಬೇರೆಯವಳು ಬರ್ತಾಳೆ."

ಅವಳು ಗ್ಲೌಸು ಕಳಚಿದಳು. ಗೊತ್ತಿದ್ದದ್ದೇ. ಗಂಡನಿಗೆ ಏನಂತ ಹೇಳುವುದು ಎಂಬ ಒಂದೇ ಯೋಚನೆ. ಬಕೆಟ್ಟು, ಬ್ರಷ್ಷು, ಆಸಿಡ್ಡಿನ ಕ್ಯಾನು, ಒಂದೊಂದನ್ನೇ ತಂದು ಅವನ ಮುಂದಿಟ್ಟಳು.

"ಇಲ್ಲಿ ಬಾರೆ" ಎಂದು ಕರೆದಳು ದೊಡ್ಡಮ್ಮ, ತನ್ನ ಫೋನನ್ನು ಚಾಚುತ್ತ. "ಈ ಗ್ರೂಪಿಂದ ನಾವೇ ಆಚೆ ಬರೋದು ಹೇಗೆ? ಎಲ್ಲಿ ಒತ್ತಬೇಕು ತೋರ್ಸು."

"ನೀನ್ಯಾಕೆ ದೊಡ್ಡಮ್ಮ?"

"ತೋರ್ಸು ಅಂದೆ."

ಅವಳು ತೋರಿಸಿದಳು. ದೊಡ್ಡಮ್ಮ ಬೆರಳನ್ನು ಸೀರೆಗೆ ಒರೆಸಿಕೊಂಡು ಒತ್ತಿದಳು. "ಎರಡು ಹೊರನಡೆದಿದ್ದಾರೆ" ಎಂದು ಹೆಬ್ಬೆಟ್ಟುವಿನ ಫೋನಿನಲ್ಲಿ ಬಂತು. ಅವನು ಏನೋ ಹೇಳಲು ಬಾಯಿ ತೆರೆದ. "ಐದು ಹೊರನಡೆದಿದ್ದಾರೆ." "ಮೂರು ಹೊರನಡೆದಿದ್ದಾರೆ." ಎಂಟನೆಯವಳು ಅಳುತ್ತಲೇ ಒತ್ತಿದಳು. ಏಳನೆಯವಳು ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು, ಅವಳೂ ಒತ್ತಿದಳು. ಹೊಳಪಿನ ಬಳಗದಲ್ಲಿ ಉಳಿದವರು ಒಬ್ಬರಿಗೊಬ್ಬರು ಹೆಬ್ಬೆರಳು ತೋರಿಸಿಕೊಳ್ಳುವ ಐವರು ಮಾತ್ರ.

ಕಕ್ಕಸು ಬಲು ನಿಷ್ಪಕ್ಷಪಾತಿ. ತೊಳೆಯದಿದ್ದರೆ ಯಾರ ಮುಲಾಜನ್ನೂ ನೋಡುವುದಿಲ್ಲ. ಇನ್ನೂರು ಡೀಲರುಗಳು, ಅವರ ಊಟ, ಎಂಟು ಮಹಡಿ. ಒಂದು ಗಂಟೆಗೆ ಎರಡನೇ ಮಹಡಿ ಕಟ್ಟಿಕೊಂಡಿತು, ಒಂದೂವರೆಗೆ ನಾಲ್ಕನೆಯದು. ಹೊರಗಿನಿಂದ ಜನ ಕರೆಸಲು ಹೆಬ್ಬೆಟ್ಟು ಫೋನಿನಲ್ಲಿ ಹನ್ನೊಂದು ಕಡೆ ಕೇಳಿಕೊಂಡ. ಅಷ್ಟು ಹೊತ್ತಿಗೆ ಎಲ್ಲರೂ ಆ ಫೋಟೋ ನೋಡಿದ್ದರು. "ಮೊದಲು ಬಾಗಿಲು ಹಾಕ್ಸಿ ಸಾರ್" ಎಂದು ಫೋನಿಟ್ಟರು.

ಎರಡು ಗಂಟೆಗೆ ದೊಡ್ಡ ಸಾಹೇಬರೇ ಬಂದರು. ಲಿಫ್ಟು ಅಲ್ಲಿಯವರೆಗೆ ಇಳಿಯುವುದಿಲ್ಲ. ತಮ್ಮದೇ ಕಟ್ಟಡದ ನೆಲಮಾಳಿಗೆಗೆ ದಾರಿ ಯಾವುದೆಂದು ತಮ್ಮದೇ ಡ್ರೈವರನ್ನು ಕೇಳಿಕೊಂಡು, ಮೂಗಿಗೆ ಕರ್ಚೀಫು ಹಿಡಿದು ಇಳಿದು ಬಂದರು. ಎಂಟು ಹೆಂಗಸರು ಬಕೆಟ್ಟು ಬೋರಲು ಹಾಕಿ ಕೂತಿದ್ದರು. ಯಾರೂ ಏಳಲಿಲ್ಲ. ಹೀಗೆ ಕೂತೇ ಇರುವುದು ಇಷ್ಟು ಸುಲಭ ಎಂದು ಆರನೆಯವಳಿಗೆ ಈವರೆಗೆ ಗೊತ್ತಿರಲಿಲ್ಲ.

"ನೋಡಮ್ಮ" ಅಂದರು ಸಾಹೇಬರು. "ಆಗಿದ್ದು ಆಗೋಯ್ತು. ನಿನ್ನನ್ನ ಮತ್ತೆ ಗ್ರೂಪಿಗೆ ಸೇರಿಸ್ತೀವಿ. ಎಲ್ಲರನ್ನೂ ಸೇರಿಸ್ತೀವಿ. ಬಾಗಿಲಿಗೂ ಹೇಳಿದೀನಿ, ಹಾಕಿದಾರೆ ಅಂತಾನೇ ಅಂದ್ಕೊಳ್ಳಿ. ಈಗ ಮೇಲೆ ಹೋಗಿ."

"ಅಂದ್ಕೊಳ್ಳೋದು ಹೇಗೆ ಸಾರ್?" ಅಂದಳು ಅವಳು. ದನಿ ತಗ್ಗಿಯೇ ಇತ್ತು. "ತೊಳೆದಿದೀವಿ ಅಂತ ನಾವು ಬಾಯಲ್ಲಿ ಹೇಳಿದ್ರೆ ನೀವು ನಾಲ್ಕು ವರ್ಷದಲ್ಲಿ ಒಂದು ದಿನ ನಂಬಿದೀರಾ? ಫೋಟೋ ಹಾಕಿ. ಬಾಗಿಲು ಹಾಕೋ ಮುಂಚೆ ಒಂದು, ಹಾಕಿದ ಮೇಲೆ ಒಂದು. ಪಕ್ಕದಲ್ಲಿ ನಿಮ್ಮ ಹೆಬ್ಬೆರಳು ಕಾಣಬೇಕು."

"ಮುಖ ಬೇಡ ಸಾರ್" ಎಂದು ಸೇರಿಸಿದಳು ದೊಡ್ಡಮ್ಮ. "ಕೈ ಸಾಕು."

ಸಾಹೇಬರು ಫ್ಲೆಕ್ಸಿನ ಕಡೆ ನೋಡಿದರು. ಜನರೇಟರ್ ಶುರುವಾಯಿತು. ಹರಿದ ಹಣೆ ಪಟಪಟನೆ ಬಡಿದುಕೊಳ್ಳತೊಡಗಿತು. ಅವರು ಕೈ ಎತ್ತಿ ಅದರ ಒಂದು ತುದಿಯನ್ನು ಹಿಡಿದುಕೊಂಡರು, ಏನು ಮಾಡಬೇಕೆಂದು ತೋಚದೆ ಹಾಗೇ ಹಿಡಿದುಕೊಂಡು ನಿಂತರು. "ಸಂಜೆಯೊಳಗೆ ಹಾಕಿಸ್ತೀನಿ" ಅಂದರು ಕೊನೆಗೆ.

"ಹಾಕಿಸಿ. ನಾವು ಇಲ್ಲೇ ಇರ್ತೀವಿ."

ಅವಳು ಚೀಲದಿಂದ ನೀರಿನ ಬಾಟಲಿ ತೆಗೆದಳು. ಮನೆಯಿಂದ ದಿನವೂ ತುಂಬಿಸಿ ತಂದು, ದಿನವೂ ಹಾಗೇ ವಾಪಸು ಒಯ್ಯುತ್ತಿದ್ದ ಬಾಟಲಿ. ಮುಚ್ಚಳ ತಿರುಗಿಸಿ ಗಟಗಟನೆ ಅರ್ಧ ಕುಡಿದಳು. ನೀರು ಗದ್ದದ ಮೇಲೆ ಹರಿದು ರವಿಕೆ ತೊಯ್ಯಿತು. ಉಳಿದರ್ಧವನ್ನು ದೊಡ್ಡಮ್ಮ ಕುಡಿದಳು.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಮಂಡಿಗೆ ಕೈಯೂರಿ ಎದ್ದಳು. "ಎಂಟನೇ ಮಹಡಿಗೆ ಹೋಗಿ ಬರ್ತೀನಿ ಕಣೆ" ಅಂದಳು. "ಅಲ್ಲಿದು ಇನ್ನೂ ಕಟ್ಟಿಕೊಂಡಿಲ್ಲ." ಸಾಹೇಬರ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿ, ಡೀಲರುಗಳ ನಡುವೆ ದಾರಿ ಮಾಡಿಕೊಂಡು ಲಿಫ್ಟಿನೊಳಗೆ ಹೋಗಿ ನಿಂತಳು. ಲಿಫ್ಟಿನ ಮುಂದೆ ಹೆಬ್ಬೆಟ್ಟು ಫೋನು ಹಿಡಿದು ನಿಂತಿದ್ದ. ಫೋಟೋ ತೆಗೆಯಲಿಲ್ಲ.